ವಿಯೆನ್ನಾದ ಮಾತುಕತೆ, ಮಂಗಳೂರಿನ ಕ್ಲಾಸಲ್ಲಿ

ನಾನು ಮಂಗಳೂರಲ್ಲಿ ವಕೀಲಿಕೆ ಮಾಡುದು, ಜೊತೆಗೆ ಒಂದು ಲಾ ಕಾಲೇಜಲ್ಲಿ ಗೆಸ್ಟ್ ಕ್ಲಾಸ್. ವಿದೇಶಿ ಹೂಡಿಕೆದಾರರು ಸರ್ಕಾರಗಳ ಮೇಲೆ ಹಾಕುವ ಕೇಸುಗಳ ವ್ಯವಸ್ಥೆ ಸರಿ ಮಾಡ್ಬೇಕು ಅಂತ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ಅನ್ಸಿಟ್ರಾಲ್‌ನ ವರ್ಕಿಂಗ್ ಗ್ರೂಪ್ 3ರಲ್ಲಿ 2017ರಿಂದ ಮಾತುಕತೆ ಉಂಟಲ್ಲ, ಒಮ್ಮೆ ವಿಯೆನ್ನಾ ಒಮ್ಮೆ ನ್ಯೂಯಾರ್ಕ್ ಅಂತ, ಅದನ್ನ ನಾನು ಅಣಕು ಅಧಿವೇಶನ ಮಾಡಿಸಿಯೇ ಕಲಿಸುದು.

ವರ್ಕಿಂಗ್ ಪೇಪರ್ ಮೊದಲೇ ಕೊಟ್ರೆ ಯಾರೂ ಓದುದಿಲ್ಲ. ನಾನು ಶುರು ಮಾಡುದು ಪಡುಬಿದ್ರೆ ಹತ್ರದ ನಂದಿಕೂರಿಂದ. ಕೊಜೆಂಟ್ರಿಕ್ಸ್ ಅಂತ ಅಮೆರಿಕದ ಕಂಪನಿ 1000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಹಾಕ್ತೇವೆ ಅಂತ ಬಂದು, ಪ್ರತಿಭಟನೆ, ಕೋರ್ಟು ಕೇಸು ಎಲ್ಲ ಆಗಿ 1999ರಲ್ಲಿ ಬಿಟ್ಟು ಹೋಯ್ತು. ಅವರು ನಮ್ಮ ಸರ್ಕಾರದ ಮೇಲೆ ಹೊರಗೆ ಕೇಸ್ ಹಾಕ್ಬಹುದಿತ್ತಾ? ಅಮೆರಿಕ ಜೊತೆ ಹೂಡಿಕೆ ಒಪ್ಪಂದವೇ ಇರ್ಲಿಲ್ಲ ಅಂದಾಗ ಮಕ್ಕಳಿಗೆ ಸಮಾಧಾನ, ಆದ್ರೆ ಮಹಾರಾಷ್ಟ್ರದ ದಾಭೋಲ್ ವಿದ್ಯುತ್ ಸ್ಥಾವರದ ಗಲಾಟೆಯಲ್ಲಿ ಬೆಕ್ಟೆಲ್, ಜಿಇ ಎರಡೂ ಅಮೆರಿಕದ್ದೇ, ಮಾರಿಷಸ್ ಕಂಪನಿಗಳ ಮುಖಾಂತರ ಮಾರಿಷಸ್ ಒಪ್ಪಂದ ಹಿಡ್ಕೊಂಡು ಬಂದ್ರು ಅಂದ್ರೆ ಹಿಂದಿನ ಬೆಂಚೂ ಎದ್ದು ಕೂರ್ತದೆ.

ಆಮೇಲೆ ಒಬ್ಬೊಬ್ರಿಗೆ ಒಂದೊಂದು ದೇಶದ ಹೆಸರಿನ ಬೋರ್ಡ್ ಹಂಚುದು. ನಿಯಮ ಒಂದೇ, ಓಟಿಂಗ್ ಇಲ್ಲ, ಒಮ್ಮತ ಬಂದಿದಾ ಇಲ್ವಾ ಅಂತ ಚೇರ್ ಹೇಳ್ಬೇಕು. ಮೂಟ್ ಕೋರ್ಟಲ್ಲಿ, ಅಂದ್ರೆ ಅಣಕು ಕೋರ್ಟಲ್ಲಿ, ಮಿಂಚುವವರು ಇಲ್ಲಿ ಸೋಲ್ತಾರೆ, ಗೆಲ್ಲಿಕ್ಕೆ ಜಡ್ಜೇ ಇಲ್ಲ ಅಲ್ವಾ, ಎದುರು ಕೂತವನೇ ಒಪ್ಬೇಕು.

ವಿಷಯ ಡಬಲ್ ಹ್ಯಾಟಿಂಗ್. ಅಂದ್ರೆ ಒಂದು ಕೇಸಲ್ಲಿ ತೀರ್ಪು ಕೊಡುವ ಆರ್ಬಿಟ್ರೇಟರ್ ಆದವ ಅದೇ ಹೊತ್ತಿಗೆ ಇನ್ನೊಂದರಲ್ಲಿ ವಕೀಲ. ಯುರೋಪಿಯನ್ ಯೂನಿಯನ್ ಬೋರ್ಡ್ ಇಟ್ಕೊಂಡ ಹುಡುಗ ಪೂರ್ತಿ ನಿಷೇಧ ಅಂದ. ಆಫ್ರಿಕಾದ ಸಣ್ಣ ದೇಶದ ಬೋರ್ಡಿನ ಹುಡುಗಿ, 'ಹಾಗಾದ್ರೆ ನಮ್ಮ ಕಡೆಯ ಹೊಸ ವಕೀಲರು ಈ ಫೀಲ್ಡಿಗೆ ಬರುದು ಹೇಗೆ, ವಕೀಲಿಕೆ ಬಿಟ್ಟು ಕೂರ್ಲಿಕ್ಕೆ ಆಗುದು ಹಳೆ ಕೋಟ್ಯಧಿಪತಿಗಳಿಗೆ ಮಾತ್ರ' ಅಂದ್ಳು. ಅಲ್ಲಿಂದ ಗಂಟೆಗಟ್ಲೆ ಜಗಳ, ಚಾ ತಣ್ಣಗಾಯ್ತು, ಕಡೆಗೆ 'ಎರಡೂ ಪಕ್ಷ ಒಪ್ಪದಿದ್ರೆ' ಅಂತ ಒಂದು ತುಂಡು ಸೇರ್ಸಿ ಇಬ್ರೂ ಇಳಿದ್ರು. ಆಗ ಮಾತ್ರ ನಾನು 2023ರಲ್ಲಿ ಒಪ್ಪಿದ ನಿಜವಾದ ನೀತಿಸಂಹಿತೆ ತೆಗ್ದು ಕೊಡುದು, ಅದರಲ್ಲೂ ಅದೇ ತುಂಡು ಉಂಟು, ಜೊತೆಗೆ ನಿಷೇಧ ಅದೇ ಸರ್ಕಾರಿ ಕ್ರಮ, ಅದೇ ಪಕ್ಷಗಳು ಅಥವಾ ಅದೇ ಒಪ್ಪಂದದ ಅದೇ ಕಲಮು ಇದ್ದಲ್ಲಿಗೆ ಮಾತ್ರ.

ಭಾರತದ ಬೋರ್ಡ್ ಯಾವಾಗ್ಲೂ ಬಾಯಿ ಜೋರಿದ್ದವರಿಗೆ ಕೊಡ್ತೇನೆ. ನಮ್ಮ 2015ರ ಮಾದರಿ ಹೂಡಿಕೆ ಒಪ್ಪಂದ ಹಿಡ್ದು, ಮೊದಲು ಐದು ವರ್ಷ ನಮ್ಮ ಕೋರ್ಟಿಗೆ ಹೋಗಿ ಅಂತ ಒಬ್ಬ ಗಟ್ಟಿ ನಿಂತ. ಎದುರಿನವಳು, 'ನಮ್ಮ ಮನೆ ಪಾಲಿನ ಕೇಸು ನಾನು ಹುಟ್ಟುವ ಮೊದ್ಲಿಂದ ಉಂಟು ಮಾರಾಯಾ' ಅಂದ್ಳು. ನಾನು ನಗ್ತಾ ವೈಟ್ ಇಂಡಸ್ಟ್ರೀಸ್ ತೀರ್ಪು ಮೇಜಿಗಿಟ್ಟೆ, ಕೋಲ್ ಇಂಡಿಯಾ ವಿರುದ್ಧ ಆರ್ಬಿಟ್ರೇಶನಲ್ಲಿ ಗೆದ್ದ ಆಸ್ಟ್ರೇಲಿಯಾದ ಕಂಪನಿಗೆ ಅದರ ಜಾರಿಯನ್ನ ನಮ್ಮ ಕೋರ್ಟಲ್ಲಿ ಒಂಬತ್ತು ವರ್ಷಕ್ಕೂ ಜಾಸ್ತಿ ಎಳೆದದ್ದಕ್ಕೇ 2011ರಲ್ಲಿ ಭಾರತ ಸೋತದ್ದು. ಯುಎಇ ಜೊತೆ 2024ರ ಒಪ್ಪಂದದಲ್ಲಿ ಐದು ಮೂರಾಗಿದೆ ಅಂತ ಹೇಳಿದ್ರೆ ಅವ ನಂಬ್ಲೇ ಇಲ್ಲ, ಮೊಬೈಲಲ್ಲಿ ಒಪ್ಪಂದ ತೆಗ್ದು ಕಲಮು ಹುಡುಕ್ಲಿಕ್ಕೆ ಕೂತ.