ನೇರಳೆ ಹಣ್ಣಿನ ಕಿಟಕಿ

ಹಾಸನದ ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಕಿಟಕಿಗೆ ಹೋದ ಜೂನ್‌ನಲ್ಲಿ ನಾಲ್ಕು ನೇರಳೆ ಬಣ್ಣದ ಗಾಜಿನ ತುಂಡು ಅಂಟಿಸಿದ್ದೆ. ಒಂದೊಂದೂ ಒಂದು ಪುಟ್ಟ ಸೋಲಾರ್ ಸೆಲ್. ಬೆಳಕು ಒಳಗೂ ಬರಬೇಕು, ಕರೆಂಟೂ ಸಿಗಬೇಕು ಅನ್ನೋ ಆಸೆ.

ಬಣ್ಣದಿಂದ ಬೆಳಕು ಹಿಡಿಯುವ ಈ ಜಾತಿಯ ಸೆಲ್ಲನ್ನು 1991ರಲ್ಲಿ ವಿಜ್ಞಾನಿಗಳಾದ ಬ್ರಯಾನ್ ಓ'ರೀಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ ಪ್ರಕಟಿಸಿದರು. ಬಣ್ಣ ಬೆಳಕನ್ನು ಹೀರಿ ಎಲೆಕ್ಟ್ರಾನನ್ನು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯ ಪದರಕ್ಕೆ ದಾಟಿಸುತ್ತದೆ. ಬಣ್ಣ ಕಳೆದುಕೊಂಡ ಎಲೆಕ್ಟ್ರಾನನ್ನು ಅಯೋಡಿನ್ ದ್ರಾವಣ ತುಂಬಿಕೊಡುತ್ತದೆ. ಅವರದ್ದು ರುಥೇನಿಯಂ ಎಂಬ ಲೋಹದಿಂದ ಮಾಡಿದ ಬಣ್ಣ, ನನ್ನದು ಕಟ್ಟಿನಕೆರೆ ಮಾರುಕಟ್ಟೆಯ ನೇರಳೆ ಹಣ್ಣು. ‘ತಿನ್ನೋದು ಬಿಟ್ಟು ಗಾಜಿಗೆ ಬಳೀತಿದ್ದೀರಲ್ಲ ಸಾರ್’ ಅಂದ ಅಟೆಂಡರ್.

ಮೊದಲನೆಯದು ಪೂರ್ತಿ ದಂಡ. ಈ ಗಾಜಿನ ಒಂದು ಮುಖಕ್ಕೆ ಮಾತ್ರ ಕರೆಂಟ್ ಹರಿಯುವ ಲೇಪ ಇರುತ್ತದೆ, ಕಣ್ಣಿಗೆ ಎರಡೂ ಒಂದೇ. ಸುಮ್ನೆ ಅಂದಾಜಿನಲ್ಲಿ ಬಳಿದೆ. ಕೊನೆಗೆ ಮೀಟರ್ ಸೊನ್ನೆ. ಆಮೇಲಿಂದ ಮಲ್ಟಿಮೀಟರ್ ಹಿಡಿದು ನೋಡದೆ ಬಳಿದಿಲ್ಲ.

ಕೆಲಸ ಹೀಗೆ. ಟೈಟಾನಿಯಂ ಡೈಆಕ್ಸೈಡ್ ಪುಡಿಗೆ ಹನಿಹನಿಯಾಗಿ ವಿನೆಗರ್ ಹಾಕಿ ಕಲ್ಬತ್ತಿನಲ್ಲಿ ಅರೆಯಬೇಕು, ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳುವಾಗಿ. ಕೊನೆಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು. ಗಾಜಿನ ಅಂಚಿಗೆ ಟೇಪ್ ಹಚ್ಚಿ, ಗಾಜಿನ ಕಡ್ಡಿಯಿಂದ ಒಂದೇ ಎಳೆತಕ್ಕೆ ಸವರಬೇಕು. ಎರಡನೇ ಸಲ ಎಳೆದರೆ ಗೆರೆ ಬೀಳುತ್ತದೆ. ಟೇಪ್ ಕಿತ್ತು ಫರ್ನೇಸಿನಲ್ಲಿ 450 ಡಿಗ್ರಿಗೆ ಅರ್ಧ ಗಂಟೆ. ಪದರ ಮೊದಲು ಕಂದಾಗಿ, ಆಮೇಲೆ ಮತ್ತೆ ಬೆಳ್ಳಗಾಗುತ್ತದೆ. ಆತುರಕ್ಕೆ ಬಿಸಿಯಲ್ಲೇ ಹೊರಗೆ ತೆಗೆದು ಒಂದು ಗಾಜು ಟಣ್ ಅಂತ ಸೀಳಿತು. ತಣ್ಣಗಾದ ಮೇಲೆ ನೇರಳೆ ರಸದಲ್ಲಿ ಅದ್ದುವುದು. ಇನ್ನೊಂದು ಗಾಜಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಎರಡನ್ನೂ ಕ್ಲಿಪ್ ಹಾಕಿ, ನಡುವೆ ಅಯೋಡಿನ್ ದ್ರಾವಣ ಬಿಟ್ಟರೆ ಸೆಲ್ ರೆಡಿ.

ತೊಡಕು ಇರುವುದು ಇಲ್ಲಿಂದಾಚೆಗೆ. ಎರಡು ಪದರ ಟೇಪಿನ ಎತ್ತರಕ್ಕೆ ಬಳಿದು, ಮಸಿ ದಟ್ಟವಾಗಿ ಹಿಡಿಸಿದ ಸೆಲ್ ನೇರ ಬಿಸಿಲಿನಲ್ಲಿ 1.1 ಮಿಲಿಆಂಪಿಯರ್ ಕೊಟ್ಟಿತು. ಆದರೆ ಅದರಾಚೆ ಏನೂ ಕಾಣಿಸದು. ಅದು ಕಿಟಕಿ ಅಲ್ಲ, ಗೋಡೆ. ಒಂದೇ ಪದರ, ಜ್ವಾಲೆ ಸೋಕಿಸಿದಷ್ಟೇ ಮಸಿ ಅಂತ ಮಾಡಿದಾಗ ಅಂಗಳದ ಮರದ ನೆರಳು ಮಸುಕಾಗಿ ಕಂಡಿತು, ಕರೆಂಟು 0.4ಕ್ಕೆ ಇಳಿಯಿತು. ಒಳಗೆ ಬಿಟ್ಟ ಬೆಳಕಿಗೆ ಕರೆಂಟು ಕೇಳುವಂತಿಲ್ಲ, ಅಲ್ವಾ? ದೊಡ್ಡ ಲ್ಯಾಬಿನವರು ಮಸಿಯ ಬದಲು ತೆಳ್ಳಗೆ ಪ್ಲಾಟಿನಂ ಹಚ್ಚುತ್ತಾರೆ, ನಮ್ಮ ಲ್ಯಾಬಿಗೆ ಅದು ಎಟುಕದ ಮಾತು.

ಮತ್ತೊಂದು ಪೆದ್ದುತನ ದಿಕ್ಕಿನದು. ಪುಸ್ತಕ ನೋಡಿ ದಕ್ಷಿಣದ ಕಿಟಕಿಗೇ ಅಂಟಿಸಿದ್ದೆ. ಹಾಸನ ಇರುವುದು 13 ಡಿಗ್ರಿ ಉತ್ತರದಲ್ಲಿ. ಜೂನ್‌ನ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ದಕ್ಷಿಣದ ಗಾಜಿಗೆ ನೇರ ಬಿಸಿಲೇ ಬೀಳದು. ಪಶ್ಚಿಮಕ್ಕೆ ಬದಲಾಯಿಸಿದ ಮೇಲೆ, ಮಳೆ ಬಿಡುವು ಕೊಟ್ಟ ಸಂಜೆಗಳಲ್ಲಿ ಮೀಟರಿನ ಮುಳ್ಳು ಎದ್ದಿತು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸಮಾವೇಶ ಭವನಕ್ಕೆ ಇದೇ ಜಾತಿಯ ಬಣ್ಣದ ಗಾಜು ಹಾಕಿರುವುದೂ ಪಶ್ಚಿಮದ ಮುಖಕ್ಕೇ.

ನಾಲ್ಕನ್ನೂ ಸಾಲಾಗಿ ಜೋಡಿಸಿದರೆ ಒಂದೂವರೆ ವೋಲ್ಟ್. ಶೆಲ್ ತೆಗೆದ ಕ್ಯಾಲ್ಕುಲೇಟರ್ ಮೋಡದ ಬೆಳಕಿನಲ್ಲೂ ಓಡಿತು. ಆರನೇ ದಿನಕ್ಕೆ ಅಯೋಡಿನ್ ಒಣಗಿ, ನೇರಳೆ ಬಣ್ಣ ಕಂದಾಗಿತ್ತು. ಅಷ್ಟರಲ್ಲಿ ಹಣ್ಣಿನ ಕಾಲವೂ ಮುಗಿಯಿತು. ಈಗ ಅಟೆಂಡರೇ ದಿನಾ ಮನೆಯಿಂದ ಕೆಂಪು ದಾಸವಾಳ ತಂದು ಟೇಬಲ್ ಮೇಲೆ ಇಡುತ್ತಿದ್ದಾನೆ.