ಎದೆಯ ಕೆಳಗಿನ ತುರಿಕೆ: ಪೌಡರ್, ಸ್ಟೆರಾಯ್ಡ್ ಟ್ಯೂಬ್ ಬಿಟ್ಟ ಮೇಲೆ ವಾಸಿಯಾಯಿತು

ಮಂಗಳೂರಿನ ಏಪ್ರಿಲ್ ಸೆಕೆ ಗೊತ್ತಲ್ವಾ? ಮಿಂದು ಬಂದ ಹತ್ತು ನಿಮಿಷಕ್ಕೆ ಮತ್ತೆ ಬೆವರು. ಎರಡೂ ಸ್ತನಗಳ ಕೆಳಗಿನ ಮಡಿಕೆ ಕೆಂಪಗಾಗಿ ಉರಿಯತೊಡಗಿತು. ಬೆವರುಸಾಲೆ ಅಂದುಕೊಂಡು ಪೌಡರ್ ಸುರಿದೆ. ಅದು ಬೆವರಿಗೆ ಮುದ್ದೆಗಟ್ಟಿ ಇನ್ನೂ ಜಾಸ್ತಿ ಉಜ್ಜಿತು.

ಆಮೇಲೆ ಮೆಡಿಕಲ್‌ನಲ್ಲಿ ಕೇಳಿ ಒಂದು ಟ್ಯೂಬ್ ತಂದೆ. ಮೂರೇ ದಿನಕ್ಕೆ ಕೆಂಪು ಮಾಯ! ಹಚ್ಚುವುದು ಬಿಟ್ಟ ವಾರಕ್ಕೆ ದುಪ್ಪಟ್ಟಾಗಿ ವಾಪಸ್ ಬಂತು. ಹೀಗೆ ಎರಡು ಸಲ.

ಕೊನೆಗೆ ನಾಚಿಕೆ ಬಿಟ್ಟು ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ನೋಡಿದ್ದು ಟ್ಯೂಬನ್ನು. ಅದರಲ್ಲಿ ಕ್ಲೋಬೆಟಾಸಾಲ್ ಎಂಬ ಜೋರು ಸ್ಟೆರಾಯ್ಡ್ ಬೆರೆತಿತ್ತು. ಅದು ಕೆಂಪನ್ನು ಅಡಗಿಸುತ್ತದೆ, ಫಂಗಸ್ಸನ್ನು ಒಳಗೊಳಗೇ ಬೆಳೆಯಲು ಬಿಡುತ್ತದೆ. ಮಡಿಕೆಯ ಚರ್ಮವನ್ನೂ ತೆಳುವಾಗಿಸುತ್ತದೆ. ನನಗಿದ್ದದ್ದು ಕ್ಯಾಂಡಿಡಾ ಫಂಗಸ್. ಕೆಂಪಿನ ಅಂಚಿನಾಚೆ ಚದುರಿದ್ದ ಸಣ್ಣ ಗುಳ್ಳೆಗಳೇ ಗುರುತಂತೆ.

ಸ್ಟೆರಾಯ್ಡ್ ಇಲ್ಲದ, ಫಂಗಸ್‌ಗೆ ಹಚ್ಚುವ ಬರೀ ಕ್ಲೋಟ್ರಿಮಜೋಲ್ 1% ಕ್ರೀಮ್ ಬರೆದುಕೊಟ್ಟರು. ದಿನಕ್ಕೆ ಎರಡು ಸಲ, ತೆಳ್ಳಗೆ. ಕೆಂಪು ಹೋದ ಮೇಲೂ ಇನ್ನೊಂದು ವಾರ ಹಚ್ಚಿದೆ. ಮಿಂದ ಮೇಲೆ ಉಜ್ಜದೆ, ಹಳೆ ಕಾಟನ್ ಸೀರೆ ತುಂಡಿನಿಂದ ಒತ್ತಿ ಒರೆಸಿ, ಫ್ಯಾನ್ ಕೆಳಗೆ ಆರಿಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಬ್ರಾ ಬದಲು. ರಾತ್ರಿ ಬ್ರಾ ಇಲ್ಲ, ಮಡಿಕೆಯಲ್ಲಿ ಮೆತ್ತನೆ ಕಾಟನ್ ಬಟ್ಟೆ. ಮೂರು ವಾರಕ್ಕೆ ಚರ್ಮ ಸರಿಯಾಯಿತು.

ಶುಗರ್ ಇದ್ದವರಿಗೆ ಈ ಫಂಗಸ್ ಬೇಗ ಬರುತ್ತದೆ, ಟೆಸ್ಟ್ ಮಾಡಿಸಿ ಅಂತ ಡಾಕ್ಟರ್ ಅಂದಾಗ ಸುಮ್ನೆ ಖರ್ಚು ಅನ್ನಿಸಿತ್ತು. ಖಾಲಿ ಹೊಟ್ಟೆಯಲ್ಲಿ 138! ಎರಡನೇ ಸಲವೂ ಸಕ್ಕರೆ ಕಾಯಿಲೆಯ ಗಡಿಯಾದ 126 ದಾಟಿತ್ತು. ಈಗ ಅದಕ್ಕೂ ಮಾತ್ರೆ ನಡೆಯುತ್ತಿದೆ. ಕೆಂಪು ಒಂದೇ ಸ್ತನದ ಕಡೆ ಇದ್ದು ಕ್ರೀಮಿಗೆ ಬಗ್ಗದಿದ್ದರೆ, ಅಥವಾ ಗಂಟು ಕೈಗೆ ಸಿಕ್ಕರೆ, ಮನೆಮದ್ದು ಮಾಡುತ್ತಾ ಕೂರಬೇಡಿ, ಬೇಗ ತೋರಿಸಿ.