ಸೆಡಾನ್ ನೋಡುವ ಮೊದಲು ನಿಮ್ಮ ಗೇಟು ನೋಡಿ

ಮನೆ ಗುಡ್ಡೆಯ ಮೇಲೆ, ರಸ್ತೆ ಕೆಳಗೆ. ಮಂಗಳೂರಿನಲ್ಲಿ ಸೆಡಾನ್ ಕೊಳ್ಳುವವರ ತಲೆಬಿಸಿ ಶುರುವಾಗುವುದೇ ಇಲ್ಲಿಂದ. ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್. ಈ ನಾಲ್ಕರ ಬ್ರೋಷರ್ ಹರಡಿಕೊಳ್ಳುವ ಮೊದಲು ಗೇಟಿನ ಇಳಿಜಾರು ನೋಡಿ ಬನ್ನಿ.

ಹಂತ 1: ಕಾರನ್ನು ಮನೆಗೆ ತರಿಸಿ

ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಿಸಿದರೆ ಟೆಸ್ಟ್ ಡ್ರೈವ್ ಆಗಲಿಲ್ಲ. ಮನೆಯವರೆಲ್ಲ ಕೂತು ಗೇಟು ದಾಟಬೇಕು. ಬಿಕರ್ನಕಟ್ಟೆಯ ನಮ್ಮ ಮನೆಯ ಇಳಿಜಾರು ಕಾಂಕ್ರೀಟ್ ರಸ್ತೆಗೆ ಕೂಡುವಲ್ಲಿ ಒಂದು ಗೀರು ಇದೆ. ಹಳೆಯ ಕಾರಿನ ಹೊಟ್ಟೆ ಹನ್ನೊಂದು ವರ್ಷ ಕೆರೆದದ್ದು. ನಾನೊಬ್ಬನೇ ಇದ್ದರೆ ಸದ್ದಿಲ್ಲ. ಹಿಂದೆ ಮೂವರು ಕೂತರೆ ‘ಕರ್ರ್’. ಸ್ಲಾವಿಯಾ, ವರ್ಟಸ್‌ಗಳ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಅಂತರ, 179 ಮಿಲಿಮೀಟರ್, ಸಿಟಿಯದ್ದು 165. ಒಂದೂವರೆ ಸೆಂಟಿಮೀಟರೂ ಇಲ್ಲ ಎಂದು ನಗುವವರಿಗೆ ಆ ಗೀರು ತೋರಿಸುತ್ತೇನೆ.

ಹಾಗೆಯೇ, ಮಂಡಿನೋವಿನ ಹಿರಿಯರನ್ನು ಹಿಂದಿನ ಸೀಟಿಗೆ ಹತ್ತಿಸಿ ಇಳಿಸಿ. ಏಳುವಾಗ ಅವರ ಕೈ ಎಲ್ಲಿ ಆಸರೆ ಹುಡುಕುತ್ತದೆ, ಗಮನಿಸಿ. ಸೆಡಾನ್‌ಗಳೆಲ್ಲ ತಗ್ಗೇ, ಯಾವುದು ಎಷ್ಟು ತಗ್ಗು ಅನ್ನುವುದು ಅವರ ಮಂಡಿಗೇ ಗೊತ್ತು.

ಹಂತ 2: ನಿಮ್ಮ ದಾರಿ ಯಾವುದು?

ಸ್ಲಾವಿಯಾ, ವರ್ಟಸ್ ಒಂದೇ ಬುನಾದಿಯ ಅಕ್ಕತಂಗಿಯರು. 1 ಲೀಟರ್, 1.5 ಲೀಟರ್ ಟರ್ಬೊ (ಗಾಳಿ ಒತ್ತಿ ತುಂಬಿ ಹೆಚ್ಚು ಬಲ ಕೊಡುವ) ಎಂಜಿನ್‌ಗಳೂ ಅವೇ. ಅವೆರಡರ ಪಿಕಪ್ ಹೋಲಿಸುತ್ತ ಕೂರಬೇಡಿ. ವೆರ್ನಾದಲ್ಲಿ ಟರ್ಬೊ ಇರುವುದೂ ಉಂಟು, ಇಲ್ಲದ್ದೂ ಉಂಟು; ಸಿಟಿಯಲ್ಲಿ ಟರ್ಬೊ ಇಲ್ಲ. ಆಗಾಗ ಶಿರಾಡಿ ಘಾಟಿ ಹತ್ತುವವರಾದರೆ ಗುಂಡ್ಯ ದಾಟಿದ ಮೇಲೆ ಟ್ಯಾಂಕರ್ ಹಿಂದಿಕ್ಕಲು ಟರ್ಬೊ ಬೇಕೆನಿಸುತ್ತದೆ. ನಂತೂರು, ಪಂಪ್‌ವೆಲ್‌ನಂಥ ಊರೊಳಗಿನ ವೃತ್ತಗಳಲ್ಲೇ ದಿನ ಕಳೆಯುವವರಿಗೆ ಸಿಟಿಯ ಸಿವಿಟಿ (ಮೆಟ್ಟಿಲಿಲ್ಲದೆ ತಾನೇ ಬದಲಾಗುವ) ಗೇರ್‌ಬಾಕ್ಸ್‌ನ ನಯವೇ ಸಾಕು. ಏರಿನಲ್ಲಿ ಗಟ್ಟಿಯಾಗಿ ಒತ್ತಿದರೆ ಎಂಜಿನ್ ಕೂಗುತ್ತದೆ, ಅದು ಅದರ ಗುಣ.

ಹಂತ 3: ಡಿಕ್ಕಿಯ ಜಾಗ

ವೆರ್ನಾ 528 ಲೀಟರ್, ಸ್ಲಾವಿಯಾ-ವರ್ಟಸ್ 521, ಸಿಟಿ ಪೆಟ್ರೋಲ್ 506. ಹೆಚ್ಚೆಂದರೆ ಬಚ್ಚಲಿನ ಒಂದು ಬಕೆಟ್‌ನಷ್ಟು ವ್ಯತ್ಯಾಸ, ಬಿಡಿ. ಡಿಕ್ಕಿಯ ಬಾಯಿ ನೋಡಿ. ಬಜ್ಪೆ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಇಳಿದ ಭಾವನ ದೊಡ್ಡ ಸೂಟ್‌ಕೇಸ್ ಓರೆ ಮಾಡದೆ ಒಳಗೆ ಹೋಗುತ್ತದೆಯೇ? ಟೇಪ್ ಬೇಡ, ಸೂಟ್‌ಕೇಸನ್ನೇ ಒಯ್ಯಿರಿ. ಪೆಟ್ರೋಲ್ ಜೊತೆ ವಿದ್ಯುತ್ತಿನಲ್ಲೂ ಓಡುವ ಹೈಬ್ರಿಡ್ ಸಿಟಿಯಾದರೆ ಬ್ಯಾಟರಿ ಹಿಂದೆ ಕೂತು ಡಿಕ್ಕಿ ಸಾಕಷ್ಟು ಕಿರಿದಾಗುತ್ತದೆ.

ಹಂತ 4: ಸುರಕ್ಷತೆ

ಸ್ಲಾವಿಯಾ, ವರ್ಟಸ್, ವೆರ್ನಾ ಮೂರಕ್ಕೂ 2023ರಲ್ಲಿ, ಕಾರು ಗುದ್ದಿಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಐದು ಸ್ಟಾರ್ ಬಂದಿದೆ. ಸಿಟಿಯ ಐದು ಸ್ಟಾರ್ ಆಗ್ನೇಯ ಏಷ್ಯಾದ ಆಸಿಯಾನ್ ಎನ್‌ಕ್ಯಾಪ್‌ನದ್ದು. ಬೋರ್ಡೇ ಬೇರೆ, ಅಂಕ ಪಕ್ಕಪಕ್ಕ ಇಡಬೇಡಿ.

ಹಂತ 5: ಚೀಟಿ

ನಾಲ್ಕು ಕಡೆಯೂ ಒಂದೇ ವಾರದಲ್ಲಿ ಆನ್‌ರೋಡ್ ಬೆಲೆ ಬರೆಸಿಕೊಳ್ಳಿ. ವಿಮೆ, ತೆರಿಗೆ, ನೋಂದಣಿ ಬೇರೆ ಬೇರೆ ಸಾಲಿನಲ್ಲಿರಲಿ. ‘ಆ್ಯಕ್ಸೆಸರೀಸ್’ ಸಾಲಿನ ಮೇಲೆ ಅವರೆದುರೇ ಪೆನ್ನು ಎಳೆದು, ಒಟ್ಟು ಎಷ್ಟಾಯಿತೆಂದು ಮತ್ತೆ ಕೇಳಿ.